ಎಣ್ಣೆ ಮುಖಕ್ಕೆ ಎಂಥ ಮಾಡೋದು: ಸುಂಟಿಕೊಪ್ಪದ ಮೆಡಿಕಲ್ ಶಾಪಿನಿಂದ

ಮುಖದಲ್ಲಿ ಎಣ್ಣೆ ಜಿನುಗುವುದು ಕಾಯಿಲೆಯಲ್ಲ, ಕೊಳೆಯೂ ಅಲ್ಲ. ನನ್ನ ಅಂಗಡಿಗೆ ಬಂದು "ಅಕ್ಕಾ, ಈ ಎಣ್ಣೆ ನಿಲ್ಲೋದಕ್ಕೆ ಎಂಥಾದ್ರೂ ಕೊಡಿ" ಎನ್ನುವವರಿಗೆಲ್ಲ ಮೊದಲು ಇಷ್ಟು ಹೇಳಿಯೇ ಮುಂದಿನ ಮಾತು. ಎಣ್ಣೆ ನಿಲ್ಲಬೇಕಾಗಿಲ್ಲ. ಅದು ಹೊರಗೆ ಬರುವ ಬಾಯಿ ಕಟ್ಟದಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಕಟ್ಟಿದ ಮೇಲೆ ಯಾವ ಮದ್ದು, ಎಷ್ಟು, ಎಷ್ಟು ದಿನ ಎನ್ನುವುದು ಉಳಿದ ಕಾಲು ಭಾಗ. ಕೌಂಟರಿನ ಮುಂದೆ ಜನ ನಿಂತಿರುವಾಗ ಇದನ್ನೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆದಿದ್ದೇನೆ.

ಚರ್ಮದ ಒಳಪದರದಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡು ಸಣ್ಣ ಚೀಲದಂಥ ಗ್ರಂಥಿಗಳಿವೆ. ಪಾಠದ ಪುಸ್ತಕದಲ್ಲಿ ಮೇದೋಗ್ರಂಥಿ ಎಂದು ಓದಿರುತ್ತೀರಿ. ಕೂದಲು ಹೊರಬರುವ ರಂಧ್ರದಿಂದಲೇ ಎಣ್ಣೆಯೂ ಹೊರಬರುತ್ತದೆ. ಈ ಗ್ರಂಥಿಯ ಕೆಲಸ ಸ್ವಲ್ಪ ವಿಚಿತ್ರ. ಒಳಗಿನ ಜೀವಕೋಶ ಎಣ್ಣೆ ತುಂಬಿಕೊಳ್ಳುತ್ತಾ ಊದಿ, ಕೊನೆಗೆ ಒಡೆದು, ತಾನೇ ಎಣ್ಣೆಯಾಗಿಬಿಡುತ್ತದೆ. ಒಂದು ಕೋಶ ಹುಟ್ಟಿ ತುಂಬಿ ಒಡೆಯಲು ಎರಡು ಮೂರು ವಾರ ಬೇಕು. ಅಂದರೆ ಇವತ್ತು ನಿಮ್ಮ ಹಣೆಯಲ್ಲಿ ಹೊಳೆಯುತ್ತಿರುವುದರ ತಯಾರಿ ಶುರುವಾದದ್ದು ಹಿಂದಿನ ತಿಂಗಳಲ್ಲೋ ಏನೋ. ಇವತ್ತು ಮೇಲಿನಿಂದ ಉಜ್ಜಿದ್ದು ಆ ಕೆಳಗಿನ ಗ್ರಂಥಿಗೆ ಗೊತ್ತೂ ಆಗುವುದಿಲ್ಲ.

ಹೊರಬಂದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮತ್ತು ಅದು ಒಡೆದು ಆದ ಕೊಬ್ಬಿನಾಮ್ಲ, ಕಾಲು ಭಾಗ ಮೇಣ, ಶೇಕಡಾ 12ರಷ್ಟು ಸ್ಕ್ವಾಲೀನ್ ಎಂಬ ತೆಳು ಎಣ್ಣೆ, ಚೂರು ಕೊಲೆಸ್ಟರಾಲ್. ಎಲ್ಲವೂ ಜಿಡ್ಡಿನ ಜಾತಿಯವೇ ಆದ್ದರಿಂದ ಬರೀ ನೀರಿಗೆ ಹೋಗುವುದಿಲ್ಲ. ಚಳಿಗೆ ಮಂದವಾಗುತ್ತದೆ, ಸೆಕೆಗೆ ತೆಳುವಾಗಿ ಹರಡುತ್ತದೆ. ಮಡಿಕೇರಿಯ ಮಂಜಿನಲ್ಲಿ ಬಸ್ ಹತ್ತುವಾಗ ಪೌಡರ್ ಚೆನ್ನಾಗಿ ಕೂತಿದ್ದ ಮುಖ ಕುಶಾಲನಗರದಲ್ಲಿ ಇಳಿಯುವಾಗ ಹೊಳೆಯುತ್ತಿದ್ದರೆ, ಅಷ್ಟರಲ್ಲಿ ಗ್ರಂಥಿ ಏನೋ ಹೆಚ್ಚು ತಯಾರಿಸಿತು ಎಂದಲ್ಲ. ಒಳಗೆ ಇದ್ದದ್ದೇ ಬಿಸಿಗೆ ಸಲೀಸಾಗಿ ಹೊರಗೆ ಬಂತು, ಅಷ್ಟೆ.

ಎಷ್ಟು ತಯಾರಿಸಬೇಕೆಂದು ಗ್ರಂಥಿಗೆ ಹೇಳುವುದು ಹಾರ್ಮೋನು. ಅದರಲ್ಲೂ ಆಂಡ್ರೊಜೆನ್. ಗಂಡಸರ ಹಾರ್ಮೋನೆಂದು ಹೆಸರು ಹೋಗಿದ್ದರೂ ಹೆಣ್ಣುಮಕ್ಕಳಿಗೂ ಅಂಡಾಶಯದಿಂದ, ಅಡ್ರಿನಲ್ ಗ್ರಂಥಿಯಿಂದ ಇದು ಬರುತ್ತದೆ. ಹುಟ್ಟಿದ ಮಗುವಿಗೆ ಮೊದಲ ಕೆಲವು ತಿಂಗಳು ಗ್ರಂಥಿ ಚುರುಕಾಗಿರುತ್ತದೆ; ನೆತ್ತಿಯ ಮೇಲೆ ಹಳದಿ ಹಕ್ಕಳೆ ಕಟ್ಟುವುದು ಆಗಲೇ. ಆಮೇಲೆ ಏಳೆಂಟು ವರ್ಷ ತುಂಬುವವರೆಗೆ ಅದು ತೆಪ್ಪಗಿರುತ್ತದೆ. ಹೈಸ್ಕೂಲಿಗೆ ಬಂದಾಗ ಏನಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಎಣ್ಣೆ ಇಳಿಯುತ್ತದೆ, ಗಂಡಸರಲ್ಲಿ ತುಂಬ ವಯಸ್ಸಾಗುವವರೆಗೂ ಅಷ್ಟಾಗಿ ಇಳಿಯುವುದಿಲ್ಲ. ಒಂದೇ ಮನೆಯಲ್ಲಿ ಅಜ್ಜನ ಮೂಗು ಹೊಳೆಯುತ್ತಿರುತ್ತದೆ, ಅಜ್ಜಿ ಒಣಗಿದ ಕಾಲು ಕೆರೆದುಕೊಳ್ಳುತ್ತಾ ಕೂತಿರುತ್ತಾರೆ. ಇಬ್ಬರಿಗೂ ಒಂದೇ ಸೋಪು ಸಾಕು ಎನ್ನುವ ಮಗನಿಗೆ ನಾನು ಎರಡು ಕಟ್ಟಿಕೊಡುತ್ತೇನೆ.

ಪಂದಿ ಕರಿ (ಹಂದಿಮಾಂಸದ ಪಲ್ಯ) ತಿಂದಿದ್ದಕ್ಕೆ ಮುಖದಲ್ಲಿ ಎಣ್ಣೆ ಬಂತು ಎನ್ನುವವರಿಗೆ ಒಂದು ಮಾತು: ತಟ್ಟೆಯ ಕೊಬ್ಬು ನೇರವಾಗಿ ಕೆನ್ನೆಗೆ ಹೋಗುವ ದಾರಿ ಇಲ್ಲ. ಗ್ರಂಥಿ ತನ್ನ ಎಣ್ಣೆಯ ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸಕ್ಕರೆ, ಮೈದಾ, ಬಾಟಲಿಯ ತಂಪು ಪಾನೀಯಗಳ ಕಥೆ ಬೇರೆ. ಅವು ಇನ್ಸುಲಿನ್ ಏರಿಸುತ್ತವೆ, ಇನ್ಸುಲಿನ್ ಏರಿದರೆ ಗ್ರಂಥಿಗೂ ಹುರುಪು ಬರುತ್ತದೆ. ಮೊಡವೆಯ ಹುಡುಗರಿಗೆ ಪಂದಿ ಬಿಡಿಸುವ ಅಮ್ಮಂದಿರು ದಿನಾ ಸಂಜೆಯ ಬೇಕರಿ ಪಫ್ಸು, ಕೇಕು ಬಿಡಿಸಿದರೆ ಒಳ್ಳೆಯದು.

ನಿಮ್ಮದು ನಿಜವಾಗಿ ಎಣ್ಣೆ ಮುಖವೇ?

ನಮ್ಮ ಕೊಡಗು ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರ ಮುಖವೂ ಪೂರ್ತಿ ಒಣಗಿರುವುದಿಲ್ಲ. ಜಿಟಿಜಿಟಿ ಮಳೆ, ಮಂಜು, ರೇನ್‌ಕೋಟಿನ ಒಳಗಿನ ಬೆವರು ಎಲ್ಲ ಸೇರಿ ಜಿಗುಟಾಗಿರುತ್ತದೆ. ಅದನ್ನೇ ಎಣ್ಣೆ ಎಂದುಕೊಂಡು ದಿನಕ್ಕೆ ಐದಾರು ಸಲ ತೊಳೆಯುವವರಿದ್ದಾರೆ. ಆದ್ದರಿಂದ ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ.

ಬೆಳಗ್ಗೆ ಮುಖ ತೊಳೆದು ಒರೆಸಿಕೊಳ್ಳಿ. ಏನೂ ಹಚ್ಚಬೇಡಿ. ಎರಡು ಮೂರು ಗಂಟೆ ನಿಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರಿ. ಆಮೇಲೆ ತೆಳುವಾದ ಬಿಳಿ ಟಿಶ್ಯೂ ಕಾಗದವನ್ನು ನಾಲ್ಕು ತುಂಡು ಮಾಡಿ ಒಂದನ್ನು ಹಣೆಗೆ, ಒಂದನ್ನು ಮೂಗಿಗೆ, ಒಂದನ್ನು ಗಲ್ಲಕ್ಕೆ, ಒಂದನ್ನು ಕೆನ್ನೆಗೆ ಒತ್ತಿ ಹಿಡಿಯಿರಿ. ಉಜ್ಜಬಾರದು. ತೆಗೆದು ಮೇಜಿನ ಮೇಲೆ ಹರಡಿ ಹತ್ತು ನಿಮಿಷ ಬಿಡಿ. ಈಗ ಕಿಟಕಿಗೆ ಹಿಡಿದು ನೋಡಿ. ಬೆವರಿನ ಗುರುತು ಆರಿ ಮಾಯವಾಗಿರುತ್ತದೆ. ಎಣ್ಣೆ ತಾಗಿದ ಕಡೆ ಮಾತ್ರ ಕಾಗದ ಪಾರದರ್ಶಕವಾಗಿ, ಆಚೆಗಿನ ಬೆಳಕು ಕಾಣುವಂತೆ ಉಳಿದಿರುತ್ತದೆ. ಚರ್ಮದ ಎಣ್ಣೆ ಅಳೆಯುವ ಸೀಬೋಮೀಟರ್ ಎಂಬ ಯಂತ್ರ ಮಾಡುವುದೂ ಇದನ್ನೇ. ಅದರ ಮಬ್ಬು ಟೇಪು ಎಣ್ಣೆ ಕುಡಿದು ಎಷ್ಟು ಪಾರದರ್ಶಕವಾಯಿತು ಎಂದು ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ.

ಸಾಮಾನ್ಯವಾಗಿ ಹಣೆ, ಮೂಗು, ಗಲ್ಲದ ತುಂಡುಗಳಲ್ಲಿ ಕಲೆ ಉಳಿಯುತ್ತದೆ, ಕೆನ್ನೆಯದರಲ್ಲಿ ಇರುವುದಿಲ್ಲ ಅಥವಾ ಕಡಿಮೆ. ಇದು ನೂರಕ್ಕೆ ನೂರು ಸರಿಯಾದ ಚರ್ಮ. ನಾಲ್ಕರಲ್ಲೂ ದೊಡ್ಡ ಕಲೆ ಬಂದರೆ ಎಣ್ಣೆ ಮುಖ. ಒಂದರಲ್ಲೂ ಇಲ್ಲದಿದ್ದರೆ ನಿಮ್ಮದು ಮಳೆಗಾಲದ ಜಿಗುಟು, ಅದಕ್ಕೆ ಮದ್ದು ಬೇಡ, ಒಂದು ಒಣ ಕರವಸ್ತ್ರ ಸಾಕು.

ಮುಖ ಮತ್ತು ತಲೆಯ ಚರ್ಮದಲ್ಲಿ ಒಂದು ಚದರ ಸೆಂಟಿಮೀಟರಿಗೆ 400ರಿಂದ 900 ಗ್ರಂಥಿಗಳಿವೆ. ಮೈಯ ಉಳಿದ ಕಡೆ ಬಹುತೇಕ 100ಕ್ಕಿಂತ ಕಡಿಮೆ. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಕೆಲಸದ ಹೆಂಗಸರು ಬಂದು ಒಂದೇ ಉಸಿರಿನಲ್ಲಿ "ಹಣೆಯಲ್ಲಿ ಎಣ್ಣೆ, ಕೈ ಕಾಲು ಬಿರಿದಿದೆ, ಇದೆಂಥದು ಮೇಡಂ" ಎನ್ನುತ್ತಾರೆ. ಎರಡೂ ಸರಿಯೇ. ಹಣೆಯಲ್ಲಿ ಗ್ರಂಥಿ ಕಿಕ್ಕಿರಿದಿದೆ, ಹಿಮ್ಮಡಿಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಹಿಮ್ಮಡಿಗೆ, ಅಂಗೈಗೆ ರಾತ್ರಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಹಳೇ ಕಾಲುಚೀಲ ಹಾಕಿ ಮಲಗಿ. ಅದೇ ಜೆಲ್ಲಿ ಉಳಿಯಿತೆಂದು ಹಣೆಗೆ ಒರೆಸಿಕೊಳ್ಳಬೇಡಿ.

ತೊಳೆಯುವುದು

ದಿನಕ್ಕೆ ಎರಡು ಸಲ. ಕೆಲಸದಿಂದ ಅಥವಾ ಆಟದಿಂದ ಬೆವರಿ ಬಂದ ದಿನ ಇನ್ನೊಂದು ಸಲ. ಉಗುರುಬೆಚ್ಚಗಿನ ನೀರು, ಹಂಡೆಯ ಕುದಿನೀರು ತಲೆಯ ಮೇಲೆ ಸುರಿದುಕೊಳ್ಳುವ ಸುಖ ನನಗೂ ಗೊತ್ತು, ಮುಖಕ್ಕೆ ಅದು ಬೇಡ. ಬೆರಳ ತುದಿಯಿಂದ ಅರ್ಧ ನಿಮಿಷ ಹಚ್ಚಿ ತೊಳೆದು, ಟವೆಲನ್ನು ಒತ್ತಿ ನೀರು ತೆಗೆಯಿರಿ.

ಹೆಚ್ಚು ತೊಳೆದರೆ ಗ್ರಂಥಿ ಸಿಟ್ಟಾಗಿ ಇನ್ನೂ ಹೆಚ್ಚು ಎಣ್ಣೆ ಬಿಡುತ್ತದೆ ಎಂಬ ಮಾತು ಮೊಬೈಲಿನಲ್ಲಿ ತುಂಬ ಓಡಾಡುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ತೊಳೆದ ಕೆಲವೇ ಗಂಟೆಗಳಲ್ಲಿ ಎಣ್ಣೆ ಮೊದಲಿನಷ್ಟಾಗುತ್ತದೆ, ಅದು ತೊಳೆಯದಿದ್ದರೂ ಬರುತ್ತಿದ್ದ ಎಣ್ಣೆಯೇ. ಹೆಚ್ಚು ತೊಳೆಯುವುದರ ನಿಜವಾದ ತೊಂದರೆ ಬೇರೆ: ಚರ್ಮದ ಮೇಲ್ಪದರದ ಕಾವಲು ಹಾಳಾಗಿ ಉರಿ, ಕೆಂಪು, ಸಿಪ್ಪೆ. ಆ ಉರಿಯ ಚರ್ಮದ ಮೇಲೆ ಮೊಡವೆ ಮದ್ದು ಹಚ್ಚಲಾಗುವುದಿಲ್ಲ, ಅಲ್ಲಿಗೆ ಚಿಕಿತ್ಸೆಯೇ ನಿಂತುಹೋಗುತ್ತದೆ.

ಸೋಪಿನ ಬಗ್ಗೆ. ಚರ್ಮದ ಪಿಎಚ್ ಸುಮಾರು 4.5ರಿಂದ 5.5, ಅಂದರೆ ಸ್ವಲ್ಪ ಹುಳಿ. ಮಾಮೂಲು ಸೋಪಿನದು 9ರಿಂದ 10. ಕವರಿನ ಮೇಲೆ ಟಿಎಫ್‌ಎಂ 76 (ನೂರರಲ್ಲಿ ಇಷ್ಟು ಕೊಬ್ಬಿನಂಶ) ಎಂದು ಇದ್ದರೆ ಅದು ಮೊದಲ ದರ್ಜೆಯ ಸೋಪು, ಬೇಗ ಕರಗಿಹೋಗುವುದಿಲ್ಲ, ಮೈಗೆ ಒಳ್ಳೆಯದೇ. ಆದರೆ ಟಿಎಫ್‌ಎಂ ಎಷ್ಟೇ ಇರಲಿ ಸೋಪು ಸೋಪೇ, ಅದರ ಪಿಎಚ್ ಇಳಿಯುವುದಿಲ್ಲ. ಮುಖಕ್ಕೆ ಮಾತ್ರ ಸೋಪಲ್ಲದ, ಪಿಎಚ್ 5.5 ಎಂದು ಬರೆದಿರುವ ಫೇಸ್‌ವಾಶ್ ಅಥವಾ ಬಾರ್ ಇಟ್ಟುಕೊಳ್ಳಿ. ಎಣ್ಣೆಯೂ ಮೂಗಿನ ಚುಕ್ಕೆಯೂ ಇದ್ದರೆ ಸ್ಯಾಲಿಸಿಲಿಕ್ ಆಮ್ಲ ಶೇಕಡಾ 1 ಅಥವಾ 2 ಇರುವುದನ್ನು ತೆಗೆದುಕೊಳ್ಳಿ. ಅದು ಎಣ್ಣೆಯಲ್ಲಿ ಕರಗುವ ಆಮ್ಲ, ರಂಧ್ರದ ಒಳಗೆ ಇಳಿದು ಅಲ್ಲಿ ಕಟ್ಟಿಕೊಂಡ ಸತ್ತ ಕೋಶಗಳನ್ನು ಸಡಿಲಿಸುತ್ತದೆ.

ಕಡಲೆಹಿಟ್ಟು ಪರವಾಗಿಲ್ಲ, ನುಣ್ಣಗೆ ಕಲಸಿ ಹಚ್ಚಿ ತೊಳೆಯಬೇಕು, ತಿಕ್ಕಬಾರದು. ನಿಂಬೆರಸ ಬೇಡ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಕಪ್ಪು ಕಲೆ ಬೀಳುತ್ತದೆ. ಪಂದಿ ಕರಿಗೆ ಹಾಕುವ ಕಡುಹುಳಿ ಕಾಚಂಪುಳಿ ಹಚ್ಚಬಹುದಾ ಎಂದೂ ಒಬ್ಬಳು ಕೇಳಿದ್ದಾಳೆ. ಅದು ಅಡುಗೆಮನೆಯಲ್ಲೇ ಇರಲಿ ಮಾರಾಯ್ತಿ. ಡಿಕಾಕ್ಷನ್ ಇಳಿಸಿ ಉಳಿದ ಕಾಫಿಪುಡಿಯಿಂದ ಮುಖ ತಿಕ್ಕುವ ವಿಡಿಯೊ ನೋಡಿ ಬಂದವರ ಕೆನ್ನೆಯಲ್ಲಿ ಸಣ್ಣ ಸಣ್ಣ ಗೀರು ಕಂಡಿದ್ದೇನೆ. ಕಾಫಿ ಬೆಳೆಯುವ ಊರಿನವರಿಗೆ ಆ ಪುಡಿಯನ್ನು ಗಿಡದ ಬುಡಕ್ಕೆ ಹಾಕಲು ಯಾರೂ ಹೇಳಿಕೊಡಬೇಕಾಗಿಲ್ಲ.

ಮೂಗಿನ ಮೇಲಿನ ಬೂದುಬಣ್ಣದ ಚುಕ್ಕೆಗಳು ಹೆಚ್ಚಿನವರಲ್ಲಿ ಬ್ಲ್ಯಾಕ್‌ಹೆಡ್ ಅಲ್ಲ. ರಂಧ್ರದ ಗೋಡೆಗೆ ಅಂಟಿ ನಿಂತ ಎಣ್ಣೆ ಮತ್ತು ಸತ್ತ ಕೋಶದ ಎಳೆ ಅದು. ಹಿಂಡಿದರೆ ದಾರದಂತೆ ಹೊರಬರುತ್ತದೆ, ಕೆಲವು ವಾರದಲ್ಲಿ ಮತ್ತೆ ತುಂಬುತ್ತದೆ, ಯಾಕೆಂದರೆ ಅದು ಇರಬೇಕಾದದ್ದೇ. ನಿಜವಾದ ಬ್ಲ್ಯಾಕ್‌ಹೆಡ್ ದಪ್ಪಗೆ, ಕಡುಕಪ್ಪಾಗಿ, ಒಂಟಿಯಾಗಿ ಕೂತಿರುತ್ತದೆ. ಆ ಕಪ್ಪು ಧೂಳಲ್ಲ, ಮೆಲನಿನ್ ಮತ್ತು ಗಾಳಿ ತಾಗಿ ಬಣ್ಣ ಬದಲಾದ ಎಣ್ಣೆ. ಆದ್ದರಿಂದ ತಿಕ್ಕಿದರೆ ಹೋಗದು.

ಹಣೆ, ತಲೆ, ಮಳೆಗಾಲ

ಹಣೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಸಣ್ಣ ಗುಳ್ಳೆ ಇದ್ದರೆ ಮೊದಲು ಕೂದಲಿನ ಎಣ್ಣೆಯನ್ನು ಅನುಮಾನಿಸಿ. ತೆಂಗಿನೆಣ್ಣೆ ಕೂದಲಿಗೆ ಹಚ್ಚಿ, ತಪ್ಪೇನಿಲ್ಲ, ಆದರೆ ಹಣೆಗೆ ಇಳಿಯುವಷ್ಟು ಬೇಡ. ರಾತ್ರಿ ಹಚ್ಚಿ ಮಲಗಿದರೆ ದಿಂಬಿನಿಂದ ಕೆನ್ನೆಗೂ ಬರುತ್ತದೆ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಿ. ಮಳೆಗಾಲದಲ್ಲಿ ದಿಂಬಿನ ಕವರು ಒಣಗಿಸುವುದು ದೊಡ್ಡ ಫಜೀತಿ. ಕವರು ವಾರಕ್ಕೊಮ್ಮೆ ಬದಲಾಯಿಸಲು ಆಗದಿದ್ದರೆ ಅದರ ಮೇಲೆ ತೆಳುವಾದ ಹತ್ತಿ ಟವೆಲ್ ಹಾಸಿ. ಒಲೆಯ ಮೇಲಿನ ಹಗ್ಗದಲ್ಲಿ ಅದು ಒಂದೇ ರಾತ್ರಿಗೆ ಒಣಗುತ್ತದೆ.

ಎರಡನೆಯ ಅನುಮಾನ, ಉಜ್ಜುವ ವಸ್ತುವಿನ ಮೇಲೆ. ಕೊಯ್ಲಿಗೆ ಹೋಗುವಾಗ ಹಣೆಗೆ ಬಿಗಿದು ಕಟ್ಟುವ ಬಟ್ಟೆ, ಬೈಕಿನ ಹೆಲ್ಮೆಟ್, ಆಟದ ಹೆಡ್‌ಬ್ಯಾಂಡ್. ನನ್ನ ತಂಗಿಯ ಮಗಳು ಹಾಕಿಯಲ್ಲಿ ಗೋಲ್‌ಕೀಪರ್. ಏಪ್ರಿಲ್, ಮೇ ತಿಂಗಳ ಹಾಕಿ ನಮ್ಮೆಯ (ಕೊಡವ ಕುಟುಂಬಗಳ ಹಾಕಿ ಹಬ್ಬದ) ಹೊತ್ತಿಗೆ ಅವಳ ಗಲ್ಲದ ಕೆಳಗೆ ಮಾತ್ರ ಮೊಡವೆ, ಬೇರೆಲ್ಲೂ ಇಲ್ಲ. "ದೊಡ್ಡಮ್ಮ, ಯಾವ ಟ್ಯೂಬ್ ಹಚ್ಚಲಿ?" ಎಂದಳು. ಮೊದಲು ಹೆಲ್ಮೆಟ್ ತಾ ಎಂದೆ. ಗಲ್ಲದ ಪಟ್ಟಿಯ ಒಳಮೈ ಬೂದು ಹೋಗಿ ಕಪ್ಪಾಗಿತ್ತು. ಉಗುರಿನಿಂದ ಕೆರೆದರೆ ಜಿಡ್ಡು ಸುರುಳಿ ಸುರುಳಿಯಾಗಿ ಎದ್ದು ಬಂತು, ಹಳೇ ಬೆವರಿನ ವಾಸನೆ ಬೇರೆ. ಪಟ್ಟಿ ಬಿಚ್ಚಿ ಪಾತ್ರೆ ತೊಳೆಯುವ ದ್ರವದಲ್ಲಿ ನೆನೆಸಿ, ತೊಳೆದು, ಬಿಸಿಲಿಗೆ ಹಾಕಿಸಿದೆ. ಆಟದ ಮೊದಲು ಗಲ್ಲಕ್ಕೆ ಒಗೆದ ಹತ್ತಿ ಬಟ್ಟೆಯ ತುಂಡು ಇಟ್ಟು ಪಟ್ಟಿ ಕಟ್ಟಲು, ಆಟ ಮುಗಿದ ಕೂಡಲೇ ಮುಖ ತೊಳೆಯಲು ಹೇಳಿದೆ. ಟ್ಯೂಬ್ ಕೊಡಲಿಲ್ಲ. ಒತ್ತಡ, ಉಜ್ಜಾಟ, ಬೆವರು ಮೂರೂ ಸೇರಿ ರಂಧ್ರದ ಬಾಯಿಯನ್ನು ಊದಿಸಿ ಮುಚ್ಚುತ್ತವೆ, ಅದನ್ನು ಹಾಗೇ ಬಿಟ್ಟು ಮೇಲೆ ಮದ್ದು ಹಚ್ಚಿದರೆ ದುಡ್ಡು ದಂಡ.

ತಲೆಹೊಟ್ಟು ಕೂಡ ಎಣ್ಣೆ ಗ್ರಂಥಿಯ ಊರಿನದ್ದೇ ಸಮಸ್ಯೆ. ಮಲಸೀಜಿಯ ಎಂಬ ಬೂಷ್ಟು ಎಲ್ಲರ ಚರ್ಮದ ಮೇಲೂ ಇರುತ್ತದೆ. ಅದಕ್ಕೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಲು ಬರುವುದಿಲ್ಲ, ನಮ್ಮ ಎಣ್ಣೆಯನ್ನೇ ನಂಬಿ ಬದುಕುತ್ತದೆ. ಹಾಗಾಗಿ ಎಣ್ಣೆ ಹೆಚ್ಚಿರುವ ನೆತ್ತಿ, ಹುಬ್ಬು, ಮೂಗಿನ ಪಕ್ಕದ ಸಂದು, ಕಿವಿಯ ಹಿಂಭಾಗ, ಎದೆಯ ನಡುವೆ ಕೆಂಪಾಗಿ ಹಳದಿ ಸಿಪ್ಪೆ ಏಳುತ್ತದೆ. ಎದೆ ಬೆನ್ನಿನ ಮೇಲೆ ಬಿಳಿಚಿದ ಮಚ್ಚೆಗಳಾಗಿ ಹರಡುವ ಚಿಬ್ಬಿಗೂ ಇದೇ ಕಾರಣ. ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಇಡೀ ದಿನ ತಿರುಗಿದರೆ ಕೇಳುವುದೇ ಬೇಡ.

ಈ ಹೊಟ್ಟಿಗೆ ಎಣ್ಣೆ ಹಚ್ಚುವುದು ಉಲ್ಟಾ. ಸಿಪ್ಪೆ ಮೆತ್ತಗಾಗಿ ಕಾಣದಂತಾಗುತ್ತದೆ, ಅಷ್ಟೆ. ಕೀಟೊಕೊನಜೋಲ್ ಶೇಕಡಾ 2ರ ಶಾಂಪೂವನ್ನು ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬಳಸಿ. ಹಚ್ಚಬೇಕಾದದ್ದು ಕೂದಲಿಗಲ್ಲ, ಬುಡದ ಚರ್ಮಕ್ಕೆ. ಹಚ್ಚಿ ಐದು ನಿಮಿಷ ಬಿಡಿ. ಎಲ್ಲರೂ ತಪ್ಪುವುದು ಇಲ್ಲೇ. ನೊರೆ ಬಂದ ಕೂಡಲೇ ತೊಳೆದು, ಶಾಂಪೂ ಕೆಲಸ ಮಾಡಲಿಲ್ಲ ಎಂದು ನನಗೆ ಬಂದು ಬೈಯುತ್ತಾರೆ. ಗಡ್ಡ ಬಿಟ್ಟವರು ಗಡ್ಡದ ಬುಡಕ್ಕೂ ಹಚ್ಚಿ. ಹತೋಟಿಗೆ ಬಂದ ಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸಾಕು. ಬಿಟ್ಟರೆ ಮರುಕಳಿಸುತ್ತದೆ, ಬೂಷ್ಟು ಎಲ್ಲಿಗೂ ಹೋಗಿರುವುದಿಲ್ಲ.

ಹಸುಗೂಸಿನ ನೆತ್ತಿಯ ಹಕ್ಕಳೆಗೆ ಮಾತ್ರ ಈ ಶಾಂಪೂ ತಗೊಂಡು ಹೋಗಬೇಡಿ. ಸ್ವಲ್ಪ ಎಣ್ಣೆ ಹಚ್ಚಿ ಮೆತ್ತಗಾಗಲು ಬಿಟ್ಟು, ಮೆದು ಬ್ರಷ್‌ನಿಂದ ಸಡಿಲಿಸಿ, ಆ ಎಣ್ಣೆಯನ್ನೂ ತೊಳೆದುಬಿಡಿ. ಉಗುರು ಹಾಕಿ ಕೀಳಬೇಡಿ. ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ.

ಮೊಡವೆಯ ಮದ್ದು

ರಂಧ್ರದ ಬಾಯಿ ಸತ್ತ ಕೋಶಗಳಿಂದ ಕಟ್ಟಿ, ಹಿಂದೆ ಎಣ್ಣೆ ನಿಂತು, ಅಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯ ಹೆಚ್ಚಾಗಿ, ಊತ ಬರುವುದೇ ಮೊಡವೆ. ಹಗುರವಾದದ್ದಕ್ಕೆ ಎರಡು ಮದ್ದು ಗೊತ್ತಿದ್ದರೆ ಸಾಕು.

ಒಂದು, ಬೆಂಜಾಯ್ಲ್ ಪೆರಾಕ್ಸೈಡ್. ಶೇಕಡಾ 2.5ರದ್ದೇ ಕೇಳಿ. ಶೇಕಡಾ 10ರದ್ದು ಹೆಚ್ಚು ಉರಿಸುತ್ತದೆಯೇ ಹೊರತು ಹೆಚ್ಚು ಗುಣ ಕೊಡುವುದಿಲ್ಲ. ಇದು ಬ್ಯಾಕ್ಟೀರಿಯ ಕೊಲ್ಲುತ್ತದೆ. ಆಂಟಿಬಯಾಟಿಕ್ ಮುಲಾಮಾದ ಕ್ಲಿಂಡಾಮೈಸಿನ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯ ಅದಕ್ಕೆ ಬಗ್ಗದಂತಾಗುತ್ತದೆ, ಬೆಂಜಾಯ್ಲ್ ಜೊತೆಗಿದ್ದರೆ ಆ ಭಯ ಕಡಿಮೆ. ಒಂದು ಎಚ್ಚರಿಕೆ: ಬೆಂಜಾಯ್ಲ್ ತಾಗಿದ ಬಣ್ಣದ ಬಟ್ಟೆ ಬಿಳಿಚಿಹೋಗುತ್ತದೆ. ಟವೆಲ್, ದಿಂಬು ಬಿಳಿಯದೇ ಇರಲಿ. ಹಣೆಗೆ ಹಚ್ಚಿಕೊಂಡು ಮದುವೆಮನೆಗೆ ಕೆಂಪು ವಸ್ತ್ರ ತಲೆಗೆ ಕಟ್ಟಿಕೊಂಡು ಹೋದವರ ವಸ್ತ್ರದ ಅಂಚು ಕಿತ್ತಳೆಯಾದದ್ದನ್ನು ನೋಡಿದ್ದೇನೆ, ಅದು ಅಜ್ಜಿಯ ಕಾಲದ ವಸ್ತ್ರ.

ಇನ್ನೊಂದು, ಅಡಾಪಲೀನ್ ಶೇಕಡಾ 0.1. ರಂಧ್ರದ ಬಾಯಿ ಕಟ್ಟುವುದನ್ನೇ ತಡೆಯುವ ಮದ್ದು ಇದು. ಡಾಕ್ಟರಿಗೆ ತೋರಿಸಿ ಚೀಟಿ ತನ್ನಿ. ರಾತ್ರಿ ಮುಖ ತೊಳೆದು ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಎರಡು ಕಾಳುಮೆಣಸಿನಷ್ಟು ಮಾತ್ರ. ಮೊಡವೆಯ ತಲೆಯ ಮೇಲೆ ಚುಕ್ಕೆ ಇಡುವುದಲ್ಲ. ಮೊಡವೆ ಬರುವ ಜಾಗಕ್ಕೆಲ್ಲ ತೆಳುವಾಗಿ ಸವರುವುದು. ಕಣ್ಣಿನ ಸುತ್ತ, ತುಟಿಯ ಮೂಲೆ, ಮೂಗಿನ ಸಂದು ಬಿಡಿ. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚಿ. ಸ್ವಲ್ಪ ಸಿಪ್ಪೆ, ಉರಿ ಬಂದೇ ಬರುತ್ತದೆ, ಎಣ್ಣೆರಹಿತ ಮಾಯಿಶ್ಚರೈಸರ್ ಮೇಲೆ ಹಚ್ಚಿಕೊಳ್ಳಿ. ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಎಂದು ಕೇಳಬೇಡಿ, ಎಣ್ಣೆ ಬೇರೆ, ಚರ್ಮದ ನೀರಿನಂಶ ಬೇರೆ. ಬೆಳಗ್ಗೆ ಜೆಲ್ ರೂಪದ ಸನ್‌ಸ್ಕ್ರೀನ್. ಮಂಜು, ತೆಳು ಮೋಡ ಇದ್ದರೂ ಅತಿನೇರಳೆ ಕಿರಣದ ಬಹುಪಾಲು ಕೆಳಗೆ ಬರುತ್ತದೆ. ಬಸುರಿಯರು, ಬಸಿರಾಗುವ ಯೋಚನೆಯಲ್ಲಿರುವವರು ಅಡಾಪಲೀನ್ ಹಚ್ಚಬಾರದು.

ಇನ್ನು ತಾಳ್ಮೆ. ಎಂಟರಿಂದ ಹನ್ನೆರಡು ವಾರ ಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆಗಸ್ಟ್ 3ರ ಕಕ್ಕಡ ಹದಿನೆಂಟಕ್ಕೆ (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನಕ್ಕೆ) ಶುರು ಮಾಡಿದವರು ಅಕ್ಟೋಬರ್‌ನ ಕಾವೇರಿ ಸಂಕ್ರಮಣದವರೆಗೆ ಕನ್ನಡಿಯ ಮುಂದೆ ತೀರ್ಪು ಕೊಡಬಾರದು. ಮೊದಲ ತಿಂಗಳು ಕೆಲವರಿಗೆ ಮೊಡವೆ ಹೆಚ್ಚಾದಂತೆಯೂ ಕಾಣುತ್ತದೆ. ಕಕ್ಕಡದ ಮದ್ದು ಸೊಪ್ಪಿನ ಪಾಯಸದಿಂದಲೇ ಮುಖ ಶುದ್ಧವಾಗುತ್ತದಲ್ಲ ಎಂದು ವಾದಿಸುವ ಹಿರಿಯರಿದ್ದಾರೆ. ಪಾಯಸ ನಾನೂ ಉಣ್ಣುತ್ತೇನೆ, ಮೊಡವೆಯ ಲೆಕ್ಕಕ್ಕೆ ಅದನ್ನು ಹಿಡಿಯುವುದಿಲ್ಲ.

ಕೊಡಬಾರದ ಟ್ಯೂಬು

ಹೆಸರು ಹೇಳದೆ ಬಣ್ಣ ಹೇಳಿ ಕೇಳುವ ಟ್ಯೂಬುಗಳಿವೆ. "ಆ ಕೆಂಪು ಗೆರೆಯದ್ದು ಕೊಡಿ, ನಮ್ಮ ಅತ್ತಿಗೆ ಹಚ್ಚೋದು." ಇವುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಒಂಟಿಯಾಗಿ, ಇಲ್ಲವೇ ಬಣ್ಣ ತಿಳಿಯಾಗಿಸುವ ಹೈಡ್ರೊಕ್ವಿನೋನ್, ಸಿಪ್ಪೆ ಎಬ್ಬಿಸುವ ಟ್ರೆಟಿನಾಯಿನ್ ಜೊತೆ, ಇಲ್ಲವೇ ಬೂಷ್ಟಿನ ಮದ್ದು ಮತ್ತು ಆಂಟಿಬಯಾಟಿಕ್ ಜೊತೆ. ಹಚ್ಚಿದ ನಾಲ್ಕೇ ದಿನದಲ್ಲಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗಾಗುತ್ತದೆ, ಅಕ್ಕಪಕ್ಕದವರು ಏನು ಹಚ್ಚುತ್ತೀ ಎಂದು ಕೇಳುತ್ತಾರೆ. ಮೋಸ ಇರುವುದು ಅಲ್ಲೇ. ವಾರ, ತಿಂಗಳು ಕಳೆದಂತೆ ಚರ್ಮ ತೆಳುವಾಗಿ ಸಣ್ಣ ರಕ್ತನಾಳ ಕಾಣಿಸುತ್ತವೆ, ಒಂದೇ ಅಳತೆಯ ಕೆಂ‍ಪು ಗುಳ್ಳೆಗಳು ಮುಖ ತುಂಬ ಏಳುತ್ತವೆ, ಹೆಣ್ಣುಮಕ್ಕಳ ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಬೆಂಕಿಯಂತೆ ಉರಿಯುತ್ತದೆ, ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ.

ಡಬ್ಬಿಯ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಸಿನೊಲೋನ್ ಇವುಗಳಲ್ಲಿ ಯಾವುದಿದ್ದರೂ ಡಾಕ್ಟರು ನಿಮಗೇ ಅಂತ, ಇಷ್ಟೇ ದಿನ ಅಂತ ಬರೆದುಕೊಟ್ಟಿರದ ಹೊರತು ಮುಖಕ್ಕೆ ಬೇಡ. ಕಾನೂನಿನಲ್ಲೂ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಕೊಡದಿದ್ದರೆ ಬೇರೆ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಕೊಡುತ್ತಾರೆ, ಅದೂ ಗೊತ್ತು. ಆರು ತಿಂಗಳ ನಂತರ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಂದವರನ್ನು ನೋಡಿದಾಗ ಸಿಟ್ಟು ಬರುವುದು ಅವರ ಮೇಲಲ್ಲ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿರುವವರು ನನ್ನ ಮಾತು ಕೇಳಿ ಇವತ್ತೇ ಎಸೆಯಬೇಡಿ, ಚರ್ಮದ ಡಾಕ್ಟರನ್ನು ಕಂಡು ಅವರು ಹೇಳಿದ ಹಾಗೆ ಇಳಿಸಿಕೊಂಡು ಬನ್ನಿ.

ರೆಪ್ಪೆ, ತುಟಿ, ಮತ್ತು ಡಾಕ್ಟರ ಹತ್ತಿರ ಹೋಗಬೇಕಾದಾಗ

ಕಣ್ಣಿನ ರೆಪ್ಪೆಯೊಳಗೂ ಈ ಜಾತಿಯ ಗ್ರಂಥಿಗಳ ಸಾಲಿದೆ, ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಅವುಗಳ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಆರದಂತೆ ಕಾಯುತ್ತದೆ. ಬಾಯಿ ಕಟ್ಟಿದರೆ ರೆಪ್ಪೆಯಲ್ಲಿ ನೋವಿಲ್ಲದ ಗಂಟು ನಿಲ್ಲುತ್ತದೆ. ಒಗೆದ ಬಟ್ಟೆಯನ್ನು ಕೈಗೆ ಹಿತವೆನ್ನಿಸುವ ಬಿಸಿನೀರಿನಲ್ಲಿ ಅದ್ದಿ ಹಿಂಡಿ, ದಿನಕ್ಕೆ ಎರಡು ಮೂರು ಸಲ, ಐದರಿಂದ ಹತ್ತು ನಿಮಿಷ ಶಾಖ ಕೊಡಿ. ಬಹಳಷ್ಟು ಕರಗಿಹೋಗುತ್ತವೆ. ವಯಸ್ಸಾದವರಿಗೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ, ಅಲ್ಲಿನ ರೆಪ್ಪೆಕೂದಲು ಉದುರಿದರೆ ಶಾಖ ಕೊಡುತ್ತಾ ಕೂರಬೇಡಿ. ಈ ಗ್ರಂಥಿಗೆ ಅಪರೂಪಕ್ಕೆ ಕ್ಯಾನ್ಸರ್ ಬರುತ್ತದೆ, ಅದು ಮೊದಮೊದಲು ಸಾಮಾನ್ಯ ಗಂಟಿನ ವೇಷದಲ್ಲೇ ಇರುತ್ತದೆ. ಕಣ್ಣಿನ ಡಾಕ್ಟರೇ ನೋಡಬೇಕು.

ತುಟಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆ ಕಂಡು ಗಾಬರಿಯಾಗಿ ಬರುವ ಹುಡುಗರಿಗೆ: ಅವು ಕೂದಲಿಲ್ಲದ ಕಡೆ ಹುಟ್ಟಿದ ಎಣ್ಣೆ ಗ್ರಂಥಿಗಳೇ, ಅಂಟುವ ರೋಗವಲ್ಲ, ಬಿಟ್ಟುಬಿಡಿ.

ಗಂಟುಗಂಟಾದ, ನೋವಿರುವ, ಗುಳಿ ಬೀಳುತ್ತಿರುವ ಮೊಡವೆ ಇದ್ದರೆ ಮುಲಾಮಿನಲ್ಲಿ ಸಮಯ ಕಳೆಯಬೇಡಿ. ಹೆಣ್ಣುಮಕ್ಕಳಿಗೆ ಎಣ್ಣೆ, ಮೊಡವೆಯ ಜೊತೆ ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ಪಿಸಿಓಎಸ್ (ಅಂಡಾಶಯದ, ಹಾರ್ಮೋನಿನ ಏರುಪೇರು) ಇರಬಹುದು, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಬೇಕಾಗುತ್ತದೆ. ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುವ ಮಾತ್ರೆಯೂ ಒಂದಿದೆ, ಐಸೊಟ್ರೆಟಿನಾಯಿನ್. ಒಳ್ಳೆಯ ಮದ್ದು, ಹಾಗೆಯೇ ಹುಷಾರಾಗಿರಬೇಕಾದ ಮದ್ದು. ಬಸುರಿಯಾಗಿರುವಾಗ ತೆಗೆದುಕೊಂಡರೆ ಮಗುವಿಗೆ ಭಾರಿ ಅಂಗವೈಕಲ್ಯ ಆಗಬಹುದು, ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಬಸಿರಾಗಬಾರದು. ಲಿವರ್, ಕೊಬ್ಬಿನಂಶದ ರಕ್ತ ಪರೀಕ್ಷೆ ಮಾಡಿಸುತ್ತಾರೆ. ತುಟಿ ಒಣಗಿ ಬಿರಿಯುವುದಂತೂ ಖಾತ್ರಿ. ಗೆಳತಿಗೆ ಬರೆದುಕೊಟ್ಟ ಸ್ಟ್ರಿಪ್ಪಿನಲ್ಲಿ ಉಳಿದದ್ದು ತಿನ್ನುವ ಮಾತ್ರೆ ಇದಲ್ಲ.

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವ ದಿನ ಮುಖಕ್ಕೆ ಪೌಡರ್, ಕ್ರೀಮು ಏನೂ ಬೇಡ. ಇದುವರೆಗೆ ಹಚ್ಚಿದ ಟ್ಯೂಬು, ನುಂಗಿದ ಮಾತ್ರೆಯ ಸ್ಟ್ರಿಪ್ಪು ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ, ಪಾರ್ಲರಿನಲ್ಲಿ ಕೊಟ್ಟದ್ದು, ಅತ್ತಿಗೆ ಕೊಟ್ಟದ್ದು ಸಹ. ಹೆಸರು ಅಳಿಸಿಹೋದ ಖಾಲಿ ಟ್ಯೂಬಾದರೂ ಸರಿ, ಡಾಕ್ಟರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.